ಮಣ್ಣಿನ ಅಂಕೆ, ಎಲೆಯ ಸಾಕ್ಷ್ಯ: ಲಘು ಪೋಷಕಗಳ ಪರೀಕ್ಷೆಯ ಇತಿಹಾಸ

1

ಬೆಳೆಯ ಎಲೆ ಹಳದಿಯಾಗುವುದಕ್ಕೆ ಕಾರಣಗಳು ಅನೇಕ. ಗದ್ದೆಯಲ್ಲಿ ನೀರು ನಿಂತಿರಬಹುದು. ಬೇರಿಗೆ ಹುಳು ಹತ್ತಿರಬಹುದು. ಸಾರಜನಕ ಸಾಲದೆ ಹೋಗಿರಬಹುದು. ಇವೆಲ್ಲವನ್ನೂ ಒಕ್ಕಲಿಗನು ಬಹು ಹಿಂದಿನಿಂದಲೂ ಬಲ್ಲನು. ಆದರೆ ಒಂದು ಹೆಕ್ಟೇರು ಪೈರಿಗೆ ಕೆಲವೇ ನೂರು ಗ್ರಾಂನಷ್ಟು ಬೇಕಾದ ಸತುವಾಗಲಿ, ಅದಕ್ಕಿಂತಲೂ ಕಡಮೆ ಬೇಕಾದ ತಾಮ್ರವಾಗಲಿ ದೊರೆಯದ ಕಾರಣದಿಂದ ಬೆಳೆ ಸೊರಗಬಹುದೆಂಬ ಅರಿವು ಮನುಷ್ಯನಿಗೆ ಬಹಳ ತಡವಾಗಿ ಬಂದಿತು. ಅಂಥ ಕೊರತೆಯನ್ನು ಮಣ್ಣಿನಲ್ಲಿಯೂ ಎಲೆಯಲ್ಲಿಯೂ ಅಳೆದು ಹೇಳುವ ವಿದ್ಯೆಯಂತೂ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಸಂಪಾದನೆಯೇ ಆಗಿದೆ.

ಈ ವಿದ್ಯೆಯ ಇತಿಹಾಸವನ್ನು ನೋಡುವಾಗ ಒಂದು ಸಂಗತಿ ಮೇಲಿಂದ ಮೇಲೆ ಎದುರಾಗುತ್ತದೆ. ಅಳೆಯುವ ಉಪಕರಣಗಳು ಸುಧಾರಿಸಿದಷ್ಟು ಸುಲಭವಾಗಿ ಅಳತೆಯ ಅರ್ಥ ಸ್ಪಷ್ಟವಾಗಲಿಲ್ಲ. ಪ್ರಯೋಗಶಾಲೆ ಕೊಡುವ ಅಂಕೆಯು ಒಂದು ಸಾಕ್ಷ್ಯ ಮಾತ್ರ, ತೀರ್ಪಲ್ಲ. ತೀರ್ಪು ಹೊರಡುವುದು ಹೊಲದಲ್ಲಿ. ಇದನ್ನು ಮರೆತಾಗಲೆಲ್ಲ ವಿಜ್ಞಾನಿಗಳು ದಾರಿತಪ್ಪಿದ್ದಾರೆ. ಇದನ್ನು ಮರೆತು ಬರೆದ ಸಲಹೆಗೆ ಬೆಲೆ ತೆತ್ತವನು ರೈತನು. ಈ ಮಾತಿಗೆ ಆಧಾರವಾದ ಕೆಲವು ಘಟ್ಟಗಳನ್ನು ಇಲ್ಲಿ ಪರಿಶೀಲಿಸಬಹುದಾಗಿದೆ.

2

ಸಸ್ಯವು ಮಣ್ಣಿನಿಂದ ಖನಿಜಗಳನ್ನು ಹೀರಿ ಬೆಳೆಯುತ್ತದೆಂಬ ಸಿದ್ಧಾಂತವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1820ರ ದಶಕದಲ್ಲಿ ಮಂಡಿಸಿದನು; 1840ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮೂಲಕ ಯುಸ್ಟುಸ್ ಲೀಬಿಗ್ ಅದನ್ನು ಲೋಕಪ್ರಸಿದ್ಧಗೊಳಿಸಿದನು. ಬೇಕಾದ ಅಂಶಗಳಲ್ಲಿ ಯಾವುದು ಅತ್ಯಂತ ಕಡಮೆಯಾಗಿದೆಯೋ ಅದೇ ಇಳುವರಿಯನ್ನು ನಿಯಂತ್ರಿಸುತ್ತದೆಂಬ ‘ಕನಿಷ್ಠ ನಿಯಮ’ವು ಇವರಿಬ್ಬರ ಹೆಸರಿನೊಡನೆ ಬೆಸೆದುಕೊಂಡಿದೆ. ನಿಯಮವು ಸರಿಯಾದದ್ದೇ. ಆದರೆ ಅದರಿಂದ ಅಂದಿನವರು ತೆಗೆದ ಒಂದು ಅನುಮಾನ ಸರಿಯಾಗಿರಲಿಲ್ಲ. ಮಣ್ಣನ್ನು ಬಲವಾದ ಆಮ್ಲದಲ್ಲಿ ಕುದಿಸಿ ಅದರಲ್ಲಿರುವುದೆಲ್ಲವನ್ನೂ ಲೆಕ್ಕಹಾಕಿದರೆ ಅದರ ಫಲವತ್ತತೆ ತಿಳಿದಂತಾಯಿತೆಂದು ಅವರು ನಂಬಿದರು.

ಈ ನಂಬಿಕೆ ಉಳಿಯುವುದಕ್ಕೆ ಅವಕಾಶವಿರಲಿಲ್ಲ. ಫ್ರಾನ್ಸಿನಲ್ಲಿ ಯೂಜೇಬ್ ಗ್ರಿಸ್ ಎಂಬವನು 1843ರ ಸುಮಾರಿಗೆ ಬಿಳಿಚಿಕೊಂಡ ಎಲೆಗಳಿಗೆ ಕಬ್ಬಿಣದ ಲವಣವನ್ನು ಲೇಪಿಸಿ ಹಸುರು ಮರಳಿ ಬರುವುದನ್ನು ತೋರಿಸಿದ್ದನು. ಕಬ್ಬಿಣವಾದರೋ ಮಣ್ಣಿನಲ್ಲಿ ಅಪೂರ್ವ ವಸ್ತುವಲ್ಲ. ನೂರರಲ್ಲಿ ಮೂರು ನಾಲ್ಕು ಭಾಗ ಕಬ್ಬಿಣವಿರುವ ನೆಲ ಸಾಮಾನ್ಯ. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಅಷ್ಟು ದಾಸ್ತಾನಿನ ನಡುವೆ ನಿಂತ ಗಿಡ ಕಬ್ಬಿಣವಿಲ್ಲದೆ ಹಸಿಯುವುದೆಂದರೆ, ಮಣ್ಣಿನಲ್ಲಿ ‘ಇರುವುದು’ ಬೇರೆ, ಗಿಡಕ್ಕೆ ‘ದೊರೆಯುವುದು’ ಬೇರೆ ಎಂದು ಅರ್ಥ. ಲೆಕ್ಕದ ಪುಸ್ತಕದಲ್ಲಿ ಕಾಣುವ ಆಸ್ತಿಗೂ ಕೈಗೆ ಬರುವ ನಗದಿಗೂ ಇರುವ ಅಂತರದಂಥದೇ ಇದು.

ಭಾರತದಲ್ಲಿ ಕೃಷಿ ರಸಾಯನಶಾಸ್ತ್ರದ ವ್ಯವಸ್ಥಿತ ಕಾರ್ಯ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಜಾನ್ ಆಗಸ್ಟಸ್ ವೋಲ್ಕರ್ 1889ರಲ್ಲಿ ಇಲ್ಲಿಗೆ ಬಂದು ದೇಶವನ್ನು ಸುತ್ತಿ ನೋಡಿ ಬರೆದ ವರದಿ 1893ರಲ್ಲಿ ಪ್ರಕಟವಾಯಿತು. ಮೈಸೂರು ಸಂಸ್ಥಾನದಲ್ಲಿ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೊಟ್ಟು ಪ್ರಯೋಗ ಕ್ಷೇತ್ರಕ್ಕೆ ಅಸ್ತಿಭಾರ ಹಾಕಿಸಿದರು. ಡಾಕ್ಟರ್ ಲೆಹ್ಮನ್ನರ ನೇತೃತ್ವದಲ್ಲಿ ಅಲ್ಲಿ ಮೊದಲಾದ ಕೆಲಸ ಮಣ್ಣು ಮತ್ತು ಬೆಳೆಯ ಪ್ರತಿಕ್ರಿಯೆಗಳ ಅಧ್ಯಯನ. ಮಣ್ಣಿನ ಅಂಕೆಯನ್ನು ಬೆಳೆಯ ಎದುರಿನಲ್ಲಿಟ್ಟು ನೋಡುವ ಈ ಕ್ರಮವೇ ಮುಂದಿನ ಶತಮಾನದಲ್ಲಿ ಲಘು ಪೋಷಕಗಳ ಪರೀಕ್ಷೆಗೂ ಆಧಾರವಾಯಿತು.

3

ಲಘು ಪೋಷಕಗಳ ಶೋಧನೆಯಲ್ಲಿ ಕಲಬೆರಕೆಗೆ ಸಂದ ಪಾತ್ರ ಕುತೂಹಲಕರವಾದದ್ದು. 1922ರಲ್ಲಿ ಮ್ಯಾಂಗನೀಸ್, 1923ರಲ್ಲಿ ಬೋರಾನ್, 1926ರಲ್ಲಿ ಸತು, 1931ರಲ್ಲಿ ತಾಮ್ರ, 1939ರಲ್ಲಿ ಮಾಲಿಬ್ಡಿನಂ, 1954ರಲ್ಲಿ ಕ್ಲೋರಿನ್ ಸಸ್ಯಗಳಿಗೆ ಅತ್ಯಾವಶ್ಯಕವೆಂದು ಸಿದ್ಧವಾದವು. ನಿಕ್ಕಲ್ ಈ ಪಟ್ಟಿಯನ್ನು ಸೇರಿದ್ದು 1987ರಲ್ಲಿ. ಇಷ್ಟು ವಿಳಂಬಕ್ಕೆ ಮುಖ್ಯ ಕಾರಣ, ಪ್ರಯೋಗಕ್ಕೆ ಬಳಸುತ್ತಿದ್ದ ಲವಣ, ನೀರು, ಪಾತ್ರೆ, ಕೊನೆಗೆ ಬೀಜದಲ್ಲಿಯೂ ಈ ಧಾತುಗಳು ಗುಟ್ಟಾಗಿ ಅಡಗಿದ್ದದ್ದು. ಇವನ್ನು ಪೂರ್ತಿ ಹೊರಗಿಟ್ಟಲ್ಲದೆ ಕೊರತೆಯನ್ನು ಉಂಟುಮಾಡುವುದು ಸಾಧ್ಯವಿರಲಿಲ್ಲ; ಕೊರತೆಯನ್ನು ಉಂಟುಮಾಡಿದಲ್ಲದೆ ಆವಶ್ಯಕತೆಯನ್ನು ಸಿದ್ಧಪಡಿಸುವುದು ಸಾಧ್ಯವಿರಲಿಲ್ಲ.

ಹೊಲತೋಟಗಳಲ್ಲಿ ಇದರ ವಿಪರ್ಯಾಸ ಇನ್ನಷ್ಟು ಸ್ವಾರಸ್ಯಕರವಾಗಿ ತೋರಿತು. ಅಮೆರಿಕದ ದಕ್ಷಿಣ ಪ್ರಾಂತಗಳ ಪೆಕಾನ್ ಮರಗಳಲ್ಲಿ ಎಲೆಗಳು ಕಿರಿದಾಗಿ ಕುಚ್ಚುಕಟ್ಟುವ ರೋಗವೊಂದಿತ್ತು. ಕಬ್ಬಿಣದ ಕೊರತೆಯಿರಬಹುದೆಂದು ಶಂಕಿಸಿ 1930ರ ದಶಕದ ಆರಂಭದಲ್ಲಿ ಆಲ್ಬೆನ್ ಮತ್ತು ಅವರ ಸಂಗಡಿಗರು ಕಬ್ಬಿಣದ ಲವಣದ ದ್ರಾವಣವನ್ನು ಪ್ರಯೋಗಿಸಿದರು. ಕೆಲವು ಮರಗಳು ಚೇತರಿಸಿಕೊಂಡವು, ಕೆಲವು ಹಾಗೆಯೇ ಉಳಿದವು. ವಿಚಾರಿಸಿ ನೋಡಲಾಗಿ, ಗುಣ ಕಂಡ ಮರಗಳಿಗೆ ಹಾಕಿದ ದ್ರಾವಣವನ್ನು ಸತುವಿನ ಲೇಪವಿದ್ದ ಬಾಲ್ದಿಗಳಲ್ಲಿ ಕಲಸಲಾಗಿತ್ತು. ಗುಣಕೊಟ್ಟದ್ದು ಔಷಧವಲ್ಲ, ಪಾತ್ರೆ! ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ಚಾಂಡ್ಲರ್, ಹೋಗ್ಲಂಡ್, ಹಿಬ್ಬರ್ಡ್ ಎಂಬ ಮೂವರು ಹಣ್ಣಿನ ಗಿಡಗಳ ‘ಕಿರುಎಲೆ ರೋಗ’ವನ್ನು ವಾಸಿಮಾಡಿದ ಪೇಟೆಯ ಕಬ್ಬಿಣದ ಸಲ್ಫೇಟಿನಲ್ಲಿಯೂ ಕಶ್ಮಲವಾಗಿ ಬೆರೆತಿದ್ದ ಸತುವೇ ಕಾರ್ಯಕಾರಿಯೆಂದು ಕಂಡುಕೊಂಡರು.

ಸತುವಿನ ಬಾಲ್ದಿಯ ಈ ಕಥೆಗೆ ಇನ್ನೊಂದು ಮುಖವಿದೆ. ಅಂದು ಮರವನ್ನು ಉಳಿಸಿದ ಬಾಲ್ದಿಯೇ ಮುಂದೆ ಮಣ್ಣಿನ ಪರೀಕ್ಷೆಗೆ ಶತ್ರುವಾಯಿತು. ಸತು ಲೇಪಿಸಿದ ಬಾಲ್ದಿಯಲ್ಲಿ ಮಣ್ಣನ್ನು ಕಲಸಿದರೂ, ಹಿತ್ತಾಳೆಯ ಜರಡಿಯಲ್ಲಿ ಅದನ್ನು ಜರಡಿ ಹಿಡಿದರೂ ಸತು, ತಾಮ್ರಗಳ ಅಂಕೆ ಸುಳ್ಳಾಗಿ ಏರುತ್ತದೆ. ಪ್ಲಾಸ್ಟಿಕ್ ಪಾತ್ರೆ, ಮರದ ಒನಕೆ, ನೈಲಾನ್ ಜರಡಿ ಎಂದು ಪ್ರಯೋಗಶಾಲೆಗಳು ಪಟ್ಟುಹಿಡಿಯುವುದು ಈ ಕಾರಣದಿಂದ. ದಶಲಕ್ಷ ಭಾಗದಲ್ಲಿ ಅರ್ಧ ಭಾಗವೂ ನಿರ್ಣಾಯಕವಾಗುವಲ್ಲಿ, ಹೊಲದ ಬದುವಿನ ಮೇಲೆ ನಿಂತು ಮಣ್ಣು ತೆಗೆದವನ ಎಚ್ಚರಿಕೆಯೂ ಅಂಕೆಯ ಒಂದು ಅಂಗವೇ ಆಗುತ್ತದೆ.

4

ಭಾರತದಲ್ಲಿ ಈ ಶಾಸ್ತ್ರಕ್ಕೆ ತಿರುವು ಕೊಟ್ಟದ್ದು ಹಿಮಾಲಯದ ಬುಡದ ತರಾಯಿ ಪ್ರದೇಶ. ಮಲೇರಿಯಕ್ಕೆ ಕುಖ್ಯಾತವಾಗಿದ್ದ ಅಲ್ಲಿನ ಕಾಡನ್ನು ಸ್ವಾತಂತ್ರ್ಯಾನಂತರ ಕಡಿದು, ದೇಶವಿಭಜನೆಯ ನಿರಾಶ್ರಿತರಿಗೂ ನಿವೃತ್ತ ಸೈನಿಕರಿಗೂ ಹಂಚಲಾಯಿತು. 1960ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯವು ಅಲ್ಲಿಯೇ ಸ್ಥಾಪಿತವಾಯಿತು. ಎಲೆಗೊಬ್ಬರ ಕೊಳೆತು ಕಪ್ಪಗಾದ ಆ ನೆಲವನ್ನು ಕಂಡವರು ಅದು ಬಡನೆಲವೆಂದು ಊಹಿಸಲಾರರು. ಅಂಥ ನೆಲದಲ್ಲಿ ನಾಟಿಯಾದ ಎರಡು ಮೂರು ವಾರಗಳಲ್ಲಿ ಭತ್ತದ ಪೈರು ಕುಗ್ಗತೊಡಗುತ್ತಿತ್ತು. ಎಳೆಯ ಎಲೆಯ ಬುಡ ಬಿಳಿಚುವುದು, ಬಲಿತ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ ಕೂಡಿಕೊಳ್ಳುವುದು, ತೆಂಡೆಯೊಡೆಯದೆ ಪೈರು ಗಿಡ್ಡಾಗಿ ನಿಲ್ಲುವುದು, ಇವು ಅದರ ಲಕ್ಷಣಗಳು. ಗದ್ದೆಗೆ ಕಾಚಿನ ಬಣ್ಣ ಬರುತ್ತಿದ್ದುದರಿಂದ ಜನರು ಇದನ್ನು ‘ಖೈರಾ’ ಎಂದು ಕರೆದರು.

ಚುಕ್ಕೆಯಿರುವಲ್ಲಿ ರೋಗಾಣುವನ್ನು ಹುಡುಕುವುದು ಸ್ವಾಭಾವಿಕ. ಪಂತನಗರದಲ್ಲಿ ಸಸ್ಯರೋಗ ಶಾಸ್ತ್ರಜ್ಞರಾಗಿದ್ದ ಯಶವಂತ ಲಕ್ಷ್ಮಣ ನೇನೆಯವರು ಈ ವ್ಯಾಧಿಗೆ ಯಾವ ರೋಗಜೀವಿಯೂ ಕಾರಣವಲ್ಲವೆಂದೂ, ಸತುವಿನ ಕೊರತೆಯೇ ಕಾರಣವೆಂದೂ 1966ರಲ್ಲಿ ಪ್ರಕಟಿಸಿದರು. ಗದ್ದೆಯ ಭತ್ತದಲ್ಲಿ ಸತುವಿನ ಕೊರತೆಯನ್ನು ಪ್ರಪಂಚದಲ್ಲಿ ಮೊದಲು ಗುರುತಿಸಿದ ಪ್ರಸಂಗವೆಂದು ಇದು ಎಣಿಕೆಗೊಂಡಿದೆ. ಅವರ ಚಿಕಿತ್ಸೆ ತೀರ ಸರಳವಾದದ್ದು: ಹೆಕ್ಟೇರಿಗೆ 5 ಕಿಲೋ ಸತುವಿನ ಸಲ್ಫೇಟ್ ಮತ್ತು ಎರಡೂವರೆ ಕಿಲೋ ಅರಳಿದ ಸುಣ್ಣವನ್ನು 1000 ಲೀಟರು ನೀರಿನಲ್ಲಿ ಕಲಸಿ ಸಿಂಪಡಿಸುವುದು. ಸುಣ್ಣ ಸೇರಿಸುವುದು ಎಲೆ ಸುಡದಿರಲೆಂದು.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ ಪ್ರಮಾಣದ ಸ್ವರೂಪ. ಖೈರಾದ ಮೂಲವನ್ನು ಸಿದ್ಧಪಡಿಸಿದ್ದು ಮಣ್ಣಿನ ಅಂಕೆಯಲ್ಲ, ಸತುವನ್ನು ಪಡೆದ ಪೈರು ಚೇತರಿಸಿಕೊಂಡದ್ದು. ಕೊಟ್ಟಾಗ ಬೆಳೆ ಸುಧಾರಿಸಬೇಕು, ಕೊಡದ ಪಕ್ಕದ ಪಟ್ಟಿ ಹಾಗೆಯೇ ಉಳಿಯಬೇಕು. ಕೊರತೆಗೆ ಇದಕ್ಕಿಂತ ಮೇಲಾದ ರುಜುವಾತಿಲ್ಲ.

ಅಲ್ಲಿ ಸತುವಿರಲಿಲ್ಲವೇ ಎಂದರೆ, ಇತ್ತು. ಭತ್ತದ ಗದ್ದೆಗೆ ನೀರು ನಿಲ್ಲಿಸಿದೊಡನೆ ಮಣ್ಣಿನೊಳಗಿನ ಗಾಳಿ ತೀರಿ, ರಾಸಾಯನಿಕ ಪರಿಸ್ಥಿತಿಯೇ ಬದಲಾಗುತ್ತದೆ. ಬೈಕಾರ್ಬೊನೇಟು ಹೆಚ್ಚುತ್ತದೆ, ನೀರಿನಲ್ಲಿ ಕರಗಿರುವ ಸತು ಕಡಮೆಯಾಗುತ್ತದೆ. ಸುಣ್ಣ ಹೆಚ್ಚಿರುವ ನೆಲದಲ್ಲಿ ಈ ಪರಿಣಾಮ ತೀವ್ರ. ಮೇಲಾಗಿ, 1966ರ ತರುವಾಯ ಹೆಚ್ಚು ಇಳುವರಿಯ ತಳಿಗಳು ಹರಡಿ ಫಸಲಿನೊಡನೆ ಹೊರಹೋಗುವ ಸತು ಹೆಚ್ಚಿತು. ದನದ ಗೊಬ್ಬರದ ಸ್ಥಾನಕ್ಕೆ ಸತುವಿನ ಲೇಶವೂ ಇಲ್ಲದ ಯೂರಿಯ ಬಂದಿತು. ಹೀಗೆ ಖೈರಾ ಒಂದು ಸೀಮೆಯ ವ್ಯಾಧಿಯಾಗಿ ಉಳಿಯಲಿಲ್ಲ.

5

ಊರೂರಿನಲ್ಲಿಯೂ ಪೈರು ಕೆಡುವವರೆಗೆ ಕಾಯುವಂತಿಲ್ಲವಾದ್ದರಿಂದ, ಬಿತ್ತುವ ಮುನ್ನವೇ ಕೊರತೆಯನ್ನು ಹೇಳಬಲ್ಲ ಮಣ್ಣಿನ ಪರೀಕ್ಷೆ ಅಗತ್ಯವಾಯಿತು. ಭಾರತ–ಅಮೆರಿಕ ಒಪ್ಪಂದದ ಮೇರೆಗೆ 1955–56ರಲ್ಲಿ 24 ಮಣ್ಣು ಪರೀಕ್ಷಾ ಶಾಲೆಗಳು ದೇಶದಲ್ಲಿ ಆರಂಭವಾಗಿದ್ದವು. ಆದರೆ ಅವುಗಳ ಗಮನವೆಲ್ಲ ಪ್ರಧಾನ ಪೋಷಕಗಳ ಮೇಲೆ. ಲಘು ಪೋಷಕಗಳಿಗಾಗಿಯೇ ಅಖಿಲ ಭಾರತ ಸಂಯೋಜಿತ ಯೋಜನೆಯೊಂದು 1967ರಲ್ಲಿ ಮೊದಲಾಯಿತು. ಆಸ್ಟ್ರೇಲಿಯದ ಆಲನ್ ವಾಲ್ಷ್ 1955ರಲ್ಲಿ ನಿರೂಪಿಸಿದ ಪರಮಾಣು ಹೀರಿಕೆಯ ಮಾಪನ ವಿಧಾನವು ಅತ್ಯಲ್ಪ ಪ್ರಮಾಣದ ಲೋಹಗಳನ್ನು ಶೀಘ್ರವಾಗಿ ಅಳೆಯುವ ಅನುಕೂಲವನ್ನು ಒದಗಿಸಿತ್ತು.

ಉಳಿದದ್ದು ಒಂದು ಪ್ರಶ್ನೆ: ಮಣ್ಣಿನಿಂದ ಏನನ್ನು ತೆಗೆದು ಅಳೆಯಬೇಕು? ಅಮೆರಿಕದ ಕೊಲರಾಡೊದಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಎಂಬ ವಿಜ್ಞಾನಿಗಳು ಇದಕ್ಕೆ ಕೊಟ್ಟ ಉತ್ತರವು ಲೋಕಮಾನ್ಯವಾಯಿತು. ಲೋಹಗಳನ್ನು ಇಕ್ಕುಳದಂತೆ ಹಿಡಿಯುವ ಡಿಟಿಪಿಎ ಎಂಬ ಆಮ್ಲದ ತೆಳು ದ್ರಾವಣವನ್ನು, ಸುಣ್ಣದ ಮಣ್ಣು ಕರಗದಂತೆ ರಸಸಾರ 7.3ಕ್ಕೆ ನಿಲ್ಲಿಸಿ, 10 ಗ್ರಾಂ ಮಣ್ಣಿಗೆ 20 ಮಿಲಿಲೀಟರಿನಂತೆ ಬೆರೆಸಿ, ಎರಡು ಗಂಟೆ ಕುಲುಕಿ ಸೋಸುವುದು ಅವರ ಕ್ರಮ. 1978ರಲ್ಲಿ ಪ್ರಕಟವಾದ ಅವರ ಪ್ರಬಂಧವು ಕೊಲರಾಡೊದ 77 ಮಣ್ಣುಗಳನ್ನು ಆಧರಿಸಿದೆ. ಮುಸುಕಿನ ಜೋಳಕ್ಕೆ ಅವರು ಗೊತ್ತುಪಡಿಸಿದ ನಿರ್ಣಾಯಕ ಮಿತಿಗಳು, ದಶಲಕ್ಷ ಭಾಗಗಳಲ್ಲಿ, ಹೀಗಿವೆ: ಸತು 0.8, ಕಬ್ಬಿಣ 4.5, ಮ್ಯಾಂಗನೀಸ್ 1.0, ತಾಮ್ರ 0.2. ಕಡೆಯ ಎರಡನ್ನು ಅವರು ತಾತ್ಕಾಲಿಕವೆಂದೇ ಕರೆದರು. ಪ್ರತಿಯೊಂದು ಬೆಳೆಗೂ ಮಿತಿಯನ್ನು ಬೇರೆ ಬೇರೆಯಾಗಿ ನಿರ್ಧರಿಸಬೇಕು, ಮಣ್ಣನ್ನು ಸಿದ್ಧಪಡಿಸುವ, ಅರೆಯುವ, ಸೋಸುವ ಕ್ರಮ ಏಕರೂಪವಾಗಿರಬೇಕು ಎಂಬ ಎಚ್ಚರಿಕೆಯನ್ನೂ ಅದೇ ಪ್ರಬಂಧದಲ್ಲಿ ಕೊಟ್ಟರು. ಅಂಕೆಗಳು ಲೋಕವನ್ನೆಲ್ಲ ಸುತ್ತಿದವು. ಎಚ್ಚರಿಕೆ ಅಷ್ಟು ದೂರ ಪ್ರಯಾಣ ಮಾಡಲಿಲ್ಲ.

ನಿರ್ಣಾಯಕ ಮಿತಿ ಹುಟ್ಟುವ ರೀತಿಯನ್ನು ತಿಳಿದರೆ ಈ ಎಚ್ಚರಿಕೆಯ ಮಹತ್ತ್ವ ಅರಿವಾಗುತ್ತದೆ. ಉತ್ತರ ಕ್ಯಾರೊಲೈನದ ಕೇಟ್ ಮತ್ತು ನೆಲ್ಸನ್ 1965ರಲ್ಲಿ ತೋರಿಸಿದ ವಿಧಾನ ಹೀಗಿದೆ. ಹಲವು ಹೊಲಗಳ ಮಣ್ಣಿನ ಅಂಕೆಯನ್ನು ಅಡ್ಡಕ್ಕೂ, ಪೋಷಕ ಕೊಡದಿದ್ದಾಗ ದೊರೆತ ಇಳುವರಿಯ ಪ್ರಮಾಣವನ್ನು ಲಂಬಕ್ಕೂ ಇಟ್ಟು ಚುಕ್ಕೆಗಳನ್ನು ಗುರುತಿಸಬೇಕು; ಅದರ ಮೇಲೆ ಕತ್ತರಿಸುವ ಎರಡು ಗೆರೆಗಳಿರುವ ಪಾರದರ್ಶಕ ಹಾಳೆಯನ್ನಿಟ್ಟು, ಆದಷ್ಟು ಚುಕ್ಕೆಗಳು ಎದುರುಬದುರಿನ ಎರಡು ಮನೆಗಳಲ್ಲಿ ಬೀಳುವಂತೆ ಸರಿಸಬೇಕು. ಲಂಬಗೆರೆ ನಿಂತ ಸ್ಥಳವೇ ನಿರ್ಣಾಯಕ ಮಿತಿ. ಎಷ್ಟೇ ಸರಿಸಿದರೂ ಕೆಲವು ಚುಕ್ಕೆಗಳು ತಪ್ಪುಮನೆಯಲ್ಲಿ ಉಳಿದೇ ಉಳಿಯುತ್ತವೆ. ಅಂದರೆ ಮಿತಿಯೆಂಬುದು ಗೋಡೆಯಲ್ಲ, ಸಂಭವದ ಗಡಿ. ಅದಕ್ಕಿಂತ ಕೆಳಗಿನ ಮಣ್ಣಿನಲ್ಲಿ ಬೆಳೆ ಪ್ರತಿಕ್ರಿಯೆ ತೋರುವ ಸಂಭವ ಹೆಚ್ಚು, ಮೇಲಿನದರಲ್ಲಿ ಕಡಮೆ. ಇದಕ್ಕಿಂತ ಹೆಚ್ಚಿನದನ್ನು ಆ ಅಂಕೆ ಹೇಳಲಾರದು.

ಇದು ಪ್ರಮಾಣವೂ ಅಲ್ಲ, ಸೂಚಕ ಮಾತ್ರ. ಒಂದು ಹೆಕ್ಟೇರಿನ ಮೇಲ್ಪದರದ 15 ಸೆಂಟಿಮೀಟರು ಮಣ್ಣು ಸುಮಾರು 22 ಲಕ್ಷ ಕಿಲೋ ತೂಗುತ್ತದೆ. ದಶಲಕ್ಷಕ್ಕೆ 50 ಭಾಗ ಒಟ್ಟು ಸತುವಿರುವ ನೆಲದಲ್ಲಿ 110 ಕಿಲೋ ಸತುವಿದೆಯೆಂದಾಯಿತು. ಭಾರತದಲ್ಲಿ ಹೆಚ್ಚಾಗಿ ಬಳಸುವ 0.6ರ ಮಿತಿಯ ಪ್ರಕಾರ ‘ಲಭ್ಯ’ವಾದದ್ದು 1.3 ಕಿಲೋ. ಪೈರಿಗೆ ಬೇಕಾದದ್ದು ಕೆಲವು ನೂರು ಗ್ರಾಂ. ಲೆಕ್ಕದ ಪ್ರಕಾರ ಆ 1.3 ಕಿಲೋ ಹಲವು ಬೆಳೆಗಳಿಗೆ ಸಾಕು. ಆದರೂ ಪೈರು ಹಸಿಯುತ್ತದೆ. ಬೇರು ಮಣ್ಣಿನ ಕಣಕಣವನ್ನೂ ಮುಟ್ಟಲಾರದು. ಒಣಗಿಸಿ ಅರೆದು ದ್ರಾವಣದಲ್ಲಿ ಕುಲುಕಿದ ಮಣ್ಣು ನೀರು ನಿಂತ ಗದ್ದೆಯ ಕೆಸರಲ್ಲ.

6

ಮಣ್ಣಿನ ಮಾತು ಹೀಗೆ ಪರೋಕ್ಷವಾದುದರಿಂದ ಗಿಡವನ್ನೇ ಕೇಳೋಣವೆಂಬ ವಿಚಾರ ಹುಟ್ಟಿತು. ಎಲೆಯನ್ನು ಒಣಗಿಸಿ, ಆಮ್ಲದಲ್ಲಿ ಕರಗಿಸಿ ಧಾತುಗಳನ್ನು ಅಳೆಯುವುದು ಅಂಗಾಂಶ ಪರೀಕ್ಷೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ ಯೋಶಿದ ಮತ್ತು ಸಹೋದ್ಯೋಗಿಗಳು ಎಳೆಯ ಭತ್ತದ ಪೈರಿಗೆ ಸೂಚಿಸಿದ ಮಟ್ಟಗಳು ಉಪಯುಕ್ತವಾದವು: ಸತು ದಶಲಕ್ಷಕ್ಕೆ 10 ಭಾಗಕ್ಕಿಂತ ಕಡಮೆಯಿದ್ದರೆ ಕೊರತೆ ನಿಶ್ಚಿತ, 10ರಿಂದ 15ರವರೆಗೆ ಬಹಳ ಸಂಭವ, 15ರಿಂದ 20ರವರೆಗೆ ಸಂಭವ, 20ಕ್ಕೆ ಮೇಲ್ಪಟ್ಟರೆ ಅಸಂಭವ. ಒಂದೇ ಗೆರೆಯ ಬದಲು ಮೆಟ್ಟಿಲುಗಳನ್ನಿಟ್ಟಿರುವ ಈ ಕ್ರಮದಲ್ಲಿ ಪ್ರಾಮಾಣಿಕತೆ ಹೆಚ್ಚು.

ಆದರೆ ಎಲೆಯೂ ದಾರಿತಪ್ಪಿಸಬಲ್ಲದು. ಆಸ್ಟ್ರೇಲಿಯದ ಪೈಪರ್ ಮತ್ತು ಡೆನ್ಮಾರ್ಕಿನ ಸ್ಟೇನ್‌ಬ್ಯೆರ್ಗ್ ತಾಮ್ರದ ವಿಷಯದಲ್ಲಿ ಒಂದು ವಿಚಿತ್ರವನ್ನು ಕಂಡರು. ತೀವ್ರ ಕೊರತೆಯ ಗಿಡಕ್ಕೆ ಸ್ವಲ್ಪ ತಾಮ್ರವನ್ನು ಕೊಟ್ಟರೆ ಗಿಡ ಬೆಳೆಯುತ್ತದೆ. ಬೆಳೆದ ಮೈಯಲ್ಲಿ ತಾಮ್ರ ಹಂಚಿಹೋಗಿ ಅದರ ಸಾಂದ್ರತೆ ಮೊದಲಿಗಿಂತಲೂ ಇಳಿಯುತ್ತದೆ. ಕುಗ್ಗಿ ಸಾಯುತ್ತಿರುವ ಗಿಡದ ಅಂಕೆ ಮೇಲೆ, ಚೇತರಿಸಿಕೊಳ್ಳುತ್ತಿರುವ ಗಿಡದ ಅಂಕೆ ಕೆಳಗೆ! ಗಿಡದ ಗಾತ್ರವನ್ನು ನೋಡದೆ ಅಂಕೆಯನ್ನಷ್ಟೇ ಓದುವವನು ಇವೆರಡನ್ನೂ ತಲೆಕೆಳಗು ಮಾಡಿಯಾನು.

ಕಬ್ಬಿಣದ ಕಥೆ ಇನ್ನೂ ಜಟಿಲ. ಹಳದಿಯಾದ ಎಲೆಯಲ್ಲಿ ಹಸುರೆಲೆಗಿಂತ ಹೆಚ್ಚು ಕಬ್ಬಿಣ ಸಿಗುವುದುಂಟು, ಏಕೆಂದರೆ ಅಲ್ಲಿರುವ ಕಬ್ಬಿಣ ಕೆಲಸಕ್ಕೆ ಬಾರದ ರೂಪದಲ್ಲಿ ಹೆಪ್ಪುಗಟ್ಟಿರುತ್ತದೆ. ಈ ಗಂಟನ್ನು ಬಿಡಿಸಲು ಕತ್ಯಾಲ್ ಮತ್ತು ಶರ್ಮಾ 1980ರಲ್ಲಿ, ಹಸಿ ಎಲೆಯಿಂದ ಕ್ರಿಯಾಶೀಲವಾದ ಫೆರಸ್ ಕಬ್ಬಿಣವನ್ನಷ್ಟೇ ಬೇರ್ಪಡಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸಾಟ್‌ನಲ್ಲಿ ನೆಲಗಡಲೆಯ ಹಳದಿ ಎಲೆಗಳ ಪರೀಕ್ಷೆಗೂ ಇದು 1980ರ ದಶಕದಲ್ಲಿ ನೆರವಾಯಿತು. ಕಲಬೆರಕೆಯ ಹಳೆಯ ಭಯ ಇಲ್ಲಿಯೂ ಬಿಟ್ಟಿಲ್ಲ: ತೊಳೆಯದ ಎಲೆಯ ಮೇಲಿನ ಧೂಳು ಕಬ್ಬಿಣವಾಗಿ ಲೆಕ್ಕಕ್ಕೆ ಬರುತ್ತದೆ, ಮ್ಯಾಂಕೊಜೆಬ್‌ನಂಥ ಶಿಲೀಂಧ್ರನಾಶಕ ಸಿಂಪಡಿಸಿದ ಎಲೆಯಲ್ಲಿ ಅದರ ಸತು, ಮ್ಯಾಂಗನೀಸುಗಳೇ ತೂಗಿ ಕಾಣಿಸುತ್ತವೆ.

7

ಈ ಇತಿಹಾಸವು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ಕರ್ನಾಟಕ ಸರ್ಕಾರವು ಇಕ್ರಿಸಾಟ್ ಸಂಸ್ಥೆಯೊಡನೆ 2009ರಲ್ಲಿ ಕೈಗೊಂಡ ‘ಭೂಚೇತನ’ ಯೋಜನೆಗೆ ಒಕ್ಕಲಿಗರ ಹೊಲಗಳ ಮಣ್ಣಿನ ಪರೀಕ್ಷೆಯೇ ತಳಹದಿಯಾಯಿತು. ಮಳೆಯಾಶ್ರಯದ ನೆಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ಅದರಿಂದ ಬೆಳಕಿಗೆ ಬಂದಿತು. ನೀರಿನ ಕೊರತೆಯೊಂದೇ ಒಣಬೇಸಾಯದ ಶಾಪವೆಂಬ ಭಾವನೆಯನ್ನು ತಿದ್ದಿದ ಕೀರ್ತಿ ಈ ಪರೀಕ್ಷೆಗಳಿಗೆ ಸಲ್ಲತಕ್ಕದ್ದು. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಉದ್ಘಾಟನೆಗೊಂಡ ಮಣ್ಣು ಆರೋಗ್ಯ ಚೀಟಿಯ ಯೋಜನೆಯು ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್‌ಗಳೂ ಸೇರಿದಂತೆ 12 ಅಂಕೆಗಳನ್ನು ರೈತನ ಕೈಗೆ ತಲಪಿಸಿತು.

ಆದರೆ ಚೀಟಿಯನ್ನು ಓದುವ ಕ್ರಮವನ್ನು ಅಂಕೆಯೊಂದೇ ಕಲಿಸಲಾರದು. ಮೊದಲ ಎರಡು ಆವೃತ್ತಿಗಳಲ್ಲಿ ನೀರಾವರಿಯ ನೆಲದಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಯದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ನಿಯಮವಿದ್ದಿತು. ಹೀಗಾಗಿ ಒಬ್ಬನ ಚೀಟಿಯಲ್ಲಿರುವ ಅಂಕೆ ನೆರೆಯವನ ಹೊಲದಿಂದ ಬಂದದ್ದಾಗಿರಬಹುದು. ಸತು 0.58 ಎಂದಿರುವುದನ್ನು ‘ಕೊರತೆ’ಯೆಂದೂ 0.62 ಎಂದಿರುವುದನ್ನು ‘ಸಾಕಷ್ಟು’ ಎಂದೂ ಓದುವುದು, ಮಾದರಿ ತೆಗೆಯುವುದರಲ್ಲಿಯೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುವಾಗ, ಅರ್ಥವಿಲ್ಲದ ಮಾತು. ಹೊಲದ ರಸಸಾರ ಎಷ್ಟು, ಸುಣ್ಣದ ಅಂಶವಿದೆಯೇ, ಬೆಳೆ ಭತ್ತವೋ ರಾಗಿಯೋ, ಹಿಂದಿನ ವರ್ಷ ಏನು ಹಾಕಿದೆ ಎಂಬುವನ್ನು ಸೇರಿಸಿ ಓದಿದಾಗಲೇ ಅಂಕೆಗೆ ಬಾಯಿ ಬರುವುದು.

ತಪ್ಪಾಗಿ ಓದಿದರೆ ನಷ್ಟ ಎರಡು ಬಗೆ. ಇಲ್ಲದ ಕೊರತೆಗೆ ಹಣ ಸುರಿಯುವುದು ಒಂದು. ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ಹಾಕಿದರೆ ನೆಲಕ್ಕೆ ಸೇರುವ ಸತು 5 ಕಿಲೋಗೂ ಮೇಲು; ಒಂದು ಬೆಳೆ ಅದರಲ್ಲಿ ಹೀರುವುದು ಅತ್ಯಲ್ಪ. ಉಳಿದದ್ದು ಮುಂದಿನ ಕೆಲವು ಬೆಳೆಗಳಿಗೂ ಒದಗುವುದರಿಂದ ಪ್ರತಿ ಹಂಗಾಮಿಗೂ ಅದನ್ನು ಕೊಳ್ಳುವುದು ಅನಾವಶ್ಯಕ ವೆಚ್ಚ. ಬೋರಾನಿನಲ್ಲಿ ಅಪಾಯವೂ ಇದೆ: ಬರ್ಗರ್ ಮತ್ತು ಟ್ರೂಆಗ್ 1939ರಲ್ಲಿ ರೂಪಿಸಿದ ಬಿಸಿನೀರಿನ ಪರೀಕ್ಷೆಯಂತೆ ದಶಲಕ್ಷಕ್ಕೆ ಅರ್ಧ ಭಾಗ ಕೊರತೆಯ ಮಿತಿ, ಅಲ್ಲಿಂದ ವಿಷದ ಮಟ್ಟಕ್ಕೆ ದೂರ ಬಹಳವಿಲ್ಲ. ಎರಡನೆಯ ನಷ್ಟ, ಇರುವ ಕೊರತೆಯನ್ನು ಕಾಣದೆ ರೋಗವೆಂದು ಬಗೆದು ಔಷಧ ಸಿಂಪಡಿಸುತ್ತ ಫಸಲನ್ನು ಕಳೆದುಕೊಳ್ಳುವುದು. ಖೈರಾದ ಗದ್ದೆಗಳು ಎದುರಿಸಿದ ಅಪಾಯ ಇದೇ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಚೀಟಿ ಶಂಕೆಯನ್ನು ಹುಟ್ಟಿಸಲಿ. ಎಲೆಯ ಲಕ್ಷಣ ಮತ್ತು ಪರೀಕ್ಷೆ ಆ ಶಂಕೆಯನ್ನು ಬಲಪಡಿಸಲಿ. ಹೊಲದ ಒಂದು ಪಟ್ಟಿಗೆ ಮಾತ್ರ ಪೋಷಕವನ್ನು ಕೊಟ್ಟು, ಪಕ್ಕದ ಪಟ್ಟಿಯನ್ನು ಹಾಗೆಯೇ ಬಿಟ್ಟು ನೋಡಿದ ಫಲ ಅದನ್ನು ತೀರ್ಮಾನಿಸಲಿ. ಮೂರು ಸಾಕ್ಷ್ಯಗಳು ಒಂದೇ ಮಾತನ್ನು ಹೇಳಿದಾಗ ಸಲಹೆ ಕೊಡುವವನು ಧೈರ್ಯವಾಗಿ ಕೊಡಬಹುದು. ಅವು ಭಿನ್ನವಾಗಿ ಹೇಳಿದಾಗ ಹೊಲದ ಮಾತನ್ನು ಮೊದಲು ಕೇಳುವುದು ನ್ಯಾಯ.

ಖೈರಾದ ಮೂಲವನ್ನು ಕಂಡ ನೇನೆಯವರು ಮುಂದೆ ಇಕ್ರಿಸಾಟ್ ಸಂಸ್ಥೆಯಲ್ಲಿ ಉನ್ನತ ಪದವಿಯಲ್ಲಿದ್ದು, 1994ರಲ್ಲಿ ಸಿಕಂದರಾಬಾದಿನಲ್ಲಿ ಏಷ್ಯದ ಕೃಷಿ ಇತಿಹಾಸಕ್ಕಾಗಿಯೇ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು, 2018ರಲ್ಲಿ ತೀರಿಕೊಂಡರು. ಆ ಪ್ರತಿಷ್ಠಾನವು 2006ರಲ್ಲಿ ಇಂಗ್ಲಿಷಿಗೆ ತಂದ ಗ್ರಂಥಗಳಲ್ಲಿ ನಮ್ಮ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವೂ ಒಂದು. ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ ಆ ಕವಿಗೆ ಸತುವಿನ ಅಳತೆ ತಿಳಿದಿರಲಿಲ್ಲ. ಆದರೆ ಗಿಡವೂ ಚಿಕಿತ್ಸೆಗೆ ಅರ್ಹವಾದ ದೇಹವೆಂಬ ಭಾವನೆ ಆ ಶಾಸ್ತ್ರದಲ್ಲಿತ್ತು. ವೈದ್ಯನು ನಾಡಿಯ ಅಂಕೆಯೊಂದನ್ನೇ ನಂಬದೆ ರೋಗಿಯ ಮುಖವನ್ನೂ ನೋಡುತ್ತಾನೆ. ಮಣ್ಣಿನ ಚೀಟಿಯನ್ನು ಕೈಯಲ್ಲಿ ಹಿಡಿದವನು ಹೊಲಕ್ಕೆ ಹೋಗಬೇಕಾದದ್ದೂ ಅದೇ ಕಾರಣಕ್ಕಾಗಿ.